ಒಳ್ಳೆಯ ದಿನದ ಅಳತೆ

ಹಳೆಯ ನೋವಿಗೆ ಸಲಹೆ ಕೇಳಿಕೊಂಡು ಅವರು ನನ್ನ ಹತ್ತಿರ ಮೊದಲ ಸಲ ಬಂದಾಗ ಕೈಯಲ್ಲಿ ಒಂದು ಕವರ್ ಇತ್ತು. ಕೂರುವ ಮೊದಲು ಕುರ್ಚಿಯ ಎರಡೂ ತೋಳು ಹಿಡಿದು, ಉಸಿರು ಬಿಗಿಹಿಡಿದು, ಒಂದು ಪಕ್ಕಕ್ಕೆ ವಾಲಿ ನಿಧಾನವಾಗಿ ಇಳಿದರು. ಆಮೇಲೆ ಕವರ್ ಬಿಚ್ಚಿ ಒಂದು ಜೊತೆ ವಾಕಿಂಗ್ ಶೂ ತೆಗೆದು ನನ್ನ ಮೇಜಿನ ಪಕ್ಕ ಇಟ್ಟರು.

"ಒಂಬತ್ತು ದಿನ ಹಾಕ್ಕೊಂಡೀನಿ ನೋಡ್ರಿ ಮೇಡಂ. ಚೀಟಿ ದುಡ್ಡಲ್ಲಿ ತಗೊಂಡಿದ್ದು. ಮನೇಲಿ ಎದುರಿಗೆ ಕಂಡ್ರೆ ಸಾಕು, ಅಳು ಬರ್ತೈತಿ."

ಇವರನ್ನು ಇಲ್ಲಿ ಅಕ್ಕ ಎಂದೇ ಕರೆಯುತ್ತೇನೆ. ಗುರುತು ಹತ್ತದಂತೆ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ. ವಯಸ್ಸು 47. ದಾವಣಗೆರೆಯ ಹಳೇ ಭಾಗದಲ್ಲಿ ಮನೆ, ಮನೆಯಲ್ಲೇ ಟೈಲರಿಂಗ್. ಎಂಟು ವರ್ಷದಿಂದ ಸೊಂಟನೋವು, ಮೂರು ವರ್ಷದಿಂದ ಅದರ ಜೊತೆಗೆ ಬಲಮಂಡಿ. ತೂಕ 82 ಕೆಜಿ. ತೋರಿಸಿದ ಡಾಕ್ಟರೆಲ್ಲ "ತೂಕ ಇಳಿಸಿ, ನಡೀರಿ" ಎಂದಿದ್ದರು. ನಡೆದರೆ ನೋಯುವವರು ಹೇಗೆ ನಡೆಯಬೇಕು ಎಂದು ಯಾರೂ ಹೇಳಿರಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಮೈ ಹಗುರವಾಗಿತ್ತಂತೆ. ಅವತ್ತೇ ಶೂ ತಂದು, ಮರುದಿನ ಬೆಳಿಗ್ಗೆ ಐದೂವರೆಗೆ ಓಣಿಯ ಗೆಳತಿಯ ಜೊತೆ ಕುಂದವಾಡ ಕೆರೆಗೆ ಹೋದರು. ಮೊದಲ ದಿನವೇ 40 ನಿಮಿಷ ನಡಿಗೆ, ರಾತ್ರಿ ಊಟ ಬಂದ್. ಹತ್ತನೇ ದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಹನ್ನೆರಡು ದಿನ ಮಷೀನ್ ನಿಂತಿತು, ಮದುವೆ ಬ್ಲೌಸುಗಳು ಬೇರೆಯವರ ಕೈ ಸೇರಿದವು. ಐದು ವರ್ಷದಲ್ಲಿ ಇದು ನಾಲ್ಕನೇ ಪ್ರಯತ್ನ. ಪ್ರತಿ ಸಲ ಮಲಗಿದಾಗ ಎರಡು ಕೆಜಿ ಜಾಸ್ತಿಯೇ ಆಗಿ ಎದ್ದಿದ್ದಾರೆ.

ಜೊತೆಗೆ ಮನೆಯ ಮಾತು. "ತಿಂದು ಕೂತ್ರೆ ನೋವು ಬರದೇ ಇರ್ತದಾ" ಎಂದು ಅತ್ತೆ, "ನಿನಗೆ ಛಲ ಇಲ್ಲ" ಎಂದು ಯಜಮಾನರು. ಅಕ್ಕ ಅದನ್ನು ನಂಬಿಬಿಟ್ಟಿದ್ದರು. ನನಗೆ ಸಂಕಟವಾಗಿದ್ದು ಅದಕ್ಕೇ. ನಾಲ್ಕು ಸಲ ಬಿದ್ದು ಐದನೇ ಸಲಕ್ಕೆ ದಾರಿ ಕೇಳಿಕೊಂಡು ಬಂದ ಹೆಂಗಸಿಗೆ ಛಲ ಇಲ್ಲ ಎನ್ನುವುದು ಯಾವ ನ್ಯಾಯ?

ಮೊದಲ ಭೇಟಿಯಲ್ಲಿ ಸಲಹೆ ಏನೂ ಕೊಡಲಿಲ್ಲ. ನಿದ್ದೆ, ಮುಟ್ಟಿನ ಏರುಪೇರು, ನುಂಗುತ್ತಿದ್ದ ಮಾತ್ರೆ, ಎಲ್ಲ ಕೇಳಿದೆ. ಬದುಕು ಬೇಡ ಅನ್ನಿಸುತ್ತದೆಯೇ ಎಂದೂ ನೇರವಾಗಿ ಕೇಳಿದೆ, ಇಲ್ಲ ಎಂದರು. (ಹಾಗೆ ಅನ್ನಿಸುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ.) ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಾವೇ ತಂದು ವಾರಕ್ಕೆ ನಾಲ್ಕೈದು ನುಂಗುತ್ತಿದ್ದರು. ಹೊಟ್ಟೆಗೂ ಕಿಡ್ನಿಗೂ ಅದು ಒಳ್ಳೆಯದಲ್ಲ. ಹಾಗಾಗಿ ಮೊದಲು ಡಾಕ್ಟರ ಹತ್ತಿರ ಮತ್ತೆ ಕಳಿಸಿದೆ: ಮಾತ್ರೆಯ ಲೆಕ್ಕ ಹೇಳಿ, ಥೈರಾಯ್ಡ್, ಸಕ್ಕರೆ, ಬಿಪಿ ನೋಡಿಸಿಕೊಂಡು ಬನ್ನಿ ಅಂತ. ಕಾಲಿನ ಶಕ್ತಿ ಕುಂದುವುದು, ತೊಡೆಯ ಸಂದಿ ಜೋಮು ಹಿಡಿಯುವುದು, ಮೂತ್ರ ಮಲದ ಹಿಡಿತ ತಪ್ಪುವುದು, ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ವ್ಯಾಯಾಮದ ಮಾತೇ ಬೇಡ, ಮೊದಲು ಆಸ್ಪತ್ರೆ. ಅಕ್ಕನಿಗೆ ಇವ್ಯಾವುದೂ ಇರಲಿಲ್ಲ. ಥೈರಾಯ್ಡ್ ಸರಿ ಇತ್ತು, ಸಕ್ಕರೆ ಗಡಿಯಲ್ಲಿತ್ತು.

ಅವರನ್ನು ಹೆಚ್ಚು ಹೆದರಿಸಿದ್ದು ಸ್ಕ್ಯಾನ್ ರಿಪೋರ್ಟ್. "ಡಿಸ್ಕ್ ಸವೆದೈತಂತೆ. ನಡೆದ್ರೆ ಇನ್ನೂ ಸವೀತೈತಲ್ರಿ?" ಐವತ್ತರ ಆಸುಪಾಸಿನಲ್ಲಿ ಬೆನ್ನುನೋವೇ ಇಲ್ಲದ ಬಹುಪಾಲು ಜನರ ಸ್ಕ್ಯಾನ್‌ನಲ್ಲೂ ಆ ಸವೆತ ಕಾಣುತ್ತದೆ ಎಂದು ಹೇಳಿದೆ. ಮೂರು ತಿಂಗಳು ದಾಟಿ ಉಳಿಯುವ ನೋವಿನಲ್ಲಿ ಪೆಟ್ಟಿನ ಪಾಲಿಗಿಂತ ನರಗಳ ಎಚ್ಚರದ ಪಾಲು ಎಷ್ಟೋ ಸಲ ಹೆಚ್ಚಿರುತ್ತದೆ. ಒಮ್ಮೆ ಕಳ್ಳ ನುಗ್ಗಿದ ಮನೆಯ ನಾಯಿ ಆಮೇಲೆ ಹಾಲಿನವನಿಗೂ ಬೊಗಳುತ್ತದೆ. ಬೊಗಳುವುದು ಸುಳ್ಳಲ್ಲ, ಆದರೆ ಬಂದವನು ಕಳ್ಳನೂ ಅಲ್ಲ. ಹಾಲಿನವನು ದಿನಾ ಅದೇ ಹೊತ್ತಿಗೆ ಸದ್ದಿಲ್ಲದೆ ಬಂದುಹೋದರೆ ನಾಯಿ ತಣ್ಣಗಾಗುತ್ತದೆ. ನೀವು ಆ 40 ನಿಮಿಷದಲ್ಲಿ ಗೇಟು ಒದ್ದುಕೊಂಡು ಒಳಗೆ ಬಂದಿರಿ ಎಂದೆ. ಅಕ್ಕ ಮೊದಲ ಬಾರಿ ನಕ್ಕರು.

ಎರಡನೇ ಭೇಟಿಗೆ ತಮ್ಮ ಅಳತೆ ಪುಸ್ತಕ ತಂದರು. ಎದೆ, ಸೊಂಟ, ತೋಳುದ್ದ ಬರೆದಿಡುವ ಉದ್ದನೆಯ ಪುಸ್ತಕ. ಕೊನೆಯ ಹಾಳೆಗಳನ್ನು ನಮ್ಮ ಕೆಲಸಕ್ಕೆ ತೆಗೆದುಕೊಂಡೆವು. ಬ್ಲೌಸ್ ಕತ್ತರಿಸುವಾಗ ಒಳಗೆ ಯಾಕೆ ಬಟ್ಟೆ ಬಿಡುತ್ತೀರಿ ಎಂದು ಕೇಳಿದೆ. "ಮುಂದೆ ಬಿಚ್ಚಾಕೆ ಬೇಕಲ್ರಿ, ಬಿಗಿ ಆದ್ರೆ?" ಎಂದರು. ವಾಕಿಂಗಿಗೆ ಬಿಟ್ಟಿದ್ದೀರಾ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ರಿ. ಒಳ್ಳೆ ದಿನದ ಅಳತೆಗೆ ಕತ್ತರಿಸಿಬಿಟ್ಟೆ" ಅಂದರು. ನಾನು ಹೇಳಬೇಕಾದ್ದನ್ನು ಅವರೇ ಹೇಳಿದ್ದರು.

ಹಾಗಾಗಿ ಮತ್ತೆ ಅಳೆದೆವು. ಒಂದು ವಾರದಲ್ಲಿ ಮೂರು ದಿನ, ಎಂದಿನ ನೋವು ಮೇಲೇರಲು ಶುರುವಾಗುವವರೆಗೆ ಎಷ್ಟು ನಿಮಿಷ ನಡೆಯಬಲ್ಲರು? 6, 11, 4 ಎಂದು ಬರೆದುಕೊಂಡು ಬಂದರು. ಸರಾಸರಿ 7. ಅದರ ಮುಕ್ಕಾಲು ಭಾಗ, ಅಂದರೆ 5 ನಿಮಿಷ. ಬೆಳಿಗ್ಗೆ 5, ಸಂಜೆ 5, ತಮ್ಮ ಓಣಿಯಲ್ಲೇ. ಅವರ ಮುಖ ಸಣ್ಣದಾಯಿತು. "ಇಷ್ಟಕ್ಕೆ ತೂಕ ಇಳೀತೈತಾ?"

ಇಳಿಯುವುದಿಲ್ಲ ಎಂದೇ ಹೇಳಿದೆ. ಅದನ್ನು ಮುಚ್ಚಿಟ್ಟರೆ ಮೂರನೇ ವಾರ ತಕ್ಕಡಿ ನೋಡಿ ಅವರು ಬಿಟ್ಟುಬಿಡುತ್ತಿದ್ದರು. ನಡಿಗೆ ನೋವಿಗೆ, ನಿದ್ದೆಗೆ, ಮನಸ್ಸಿಗೆ. ತೂಕ ಇಳಿಯುವುದು ಹೆಚ್ಚಾಗಿ ತಟ್ಟೆಯಿಂದ. ಗುರಿಯನ್ನೂ ಚಿಕ್ಕದು ಮಾಡಿದೆವು: ಆರು ತಿಂಗಳಿಗೆ 4 ಕೆಜಿ. ಮಂಡಿ ಸವೆತ ಇರುವವರಲ್ಲಿ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಕಡಿಮೆಯಾಗುತ್ತದೆ. ಹಾಗೆ ನೋಡಿದರೆ ನಾಲ್ಕು ಕೆಜಿ ಸಣ್ಣ ಸಂಖ್ಯೆಯಲ್ಲ.

ನಿಯಮಗಳನ್ನು ಅವರ ಕೈಬರಹದಲ್ಲೇ ಬರೆಸಿದೆ. ವಾರಕ್ಕೆ ಒಂದೇ ನಿಮಿಷ ಏರಿಸುವುದು. ನಡೆಯುವಾಗ ನೋವು ಹತ್ತರ ಲೆಕ್ಕದಲ್ಲಿ ಎರಡು ಏರಿದರೆ ಹೆದರುವುದು ಬೇಡ. ಮರುದಿನ ಬೆಳಿಗ್ಗೆಯೊಳಗೆ ಇಳಿಯದಿದ್ದರೆ ಹಿಂದಿನ ವಾರದ ಅಳತೆಗೆ ವಾಪಸ್. ಕೆಟ್ಟ ದಿನ ಅರ್ಧ ನಡೆಯುವುದು, ಪೂರ್ತಿ ಬಿಡುವುದು ಬೇಡ. ಒಳ್ಳೆಯ ದಿನ ಒಂದು ಹೆಜ್ಜೆಯೂ ಹೆಚ್ಚು ಬೇಡ. ಈ ಕೊನೆಯದನ್ನು ಪಾಲಿಸುವುದೇ ಎಲ್ಲಕ್ಕಿಂತ ಕಷ್ಟ. ನೋವಿಲ್ಲದ ದಿನ ಸಿಕ್ಕಿದಾಗ ಬಾಕಿ ಉಳಿದ ಕೆಲಸವನ್ನೆಲ್ಲ ಅವತ್ತೇ ಮುಗಿಸುವ ಆಸೆ ಯಾರಿಗಿಲ್ಲ? ಬೀಳುವುದು ಅಲ್ಲೇ. ಮಷೀನಿಗೂ ಇದೇ ಲೆಕ್ಕ ಹಾಕಿದೆವು: ಅರ್ಧ ಗಂಟೆಗೆ ಫೋನಿನಲ್ಲಿ ಅಲಾರಂ, ಎದ್ದು ನೀರು ಕುಡಿದು ಬರುವುದು. ಕುರ್ಚಿಯಿಂದ ಏಳುವ ಕೂರುವ ವ್ಯಾಯಾಮ, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದನ್ನು ಫಿಸಿಯೋಥೆರಪಿಸ್ಟ್ ಕಲಿಸಿದರು. ಅದು ನನ್ನ ಕೆಲಸವಲ್ಲ.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ದಿನಕ್ಕೆ ಆರು ಸಲ ನೋವಿನ ಅಂಕಿ ಬರೆಯಿರಿ ಎಂದಿದ್ದೆ. ಎರಡು ವಾರದಲ್ಲಿ ಅವರ ಮನಸ್ಸೆಲ್ಲ ಸೊಂಟದ ಮೇಲೆಯೇ ಕೂತಿತು, ನಿದ್ದೆ ಕೆಟ್ಟಿತು. ಅದನ್ನು ನಿಲ್ಲಿಸಿ, ನಡೆದ ನಿಮಿಷ ಮತ್ತು ಅವತ್ತು ಖುಷಿ ಕೊಟ್ಟ ಒಂದು ಕೆಲಸ, ಇಷ್ಟೇ ಬರೆಯಲು ಹೇಳಿದೆ.

ಊಟದಲ್ಲಿ ಜೋಳದ ರೊಟ್ಟಿ, ಪಲ್ಯ, ಬೇಳೆ ಹಾಗೇ ಇರಲಿ ಎಂದೆ. ರಾತ್ರಿ ಊಟ ಬಿಡುವುದು ಬೇಡ, ಅನ್ನ ಅರ್ಧವಾಗಲಿ, ಪಲ್ಯ ಮತ್ತು ಕಾಳು ಹೆಚ್ಚಲಿ. ಚಹಾ ದಿನಕ್ಕೆ ನಾಲ್ಕು, ಒಂದೊಂದಕ್ಕೆ ಎರಡು ಚಮಚ ಸಕ್ಕರೆ: ಅಳೆದು ನೋಡಿದರೆ 40 ಗ್ರಾಂ. 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡು ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರು. ಇನ್ನು ಮಂಡಕ್ಕಿ ಮಿರ್ಚಿ. ಸಂಜೆ ಯಜಮಾನರು ಎಪಿಎಂಸಿ ಕೆಲಸ ಮುಗಿಸಿ ಬರುವಾಗ ಪೊಟ್ಟಣ ಕಟ್ಟಿಸಿಕೊಂಡು ಬರುತ್ತಾರೆ, ದಿನದಲ್ಲಿ ಇಬ್ಬರೂ ಒಟ್ಟಿಗೆ ಕೂರುವುದು ಆಗ ಮಾತ್ರ. ದಾವಣಗೆರೆಯಲ್ಲಿದ್ದುಕೊಂಡು ಅದನ್ನು ಬಿಡಿ ಎಂದರೆ ಆ ಕೂರುವಿಕೆಯನ್ನೇ ಕಿತ್ತುಕೊಂಡಂತೆ. ಮಿರ್ಚಿ ವಾರಕ್ಕೆ ಒಂದು ದಿನ, ಉಳಿದ ದಿನ ಈರುಳ್ಳಿ, ಸೌತೆಕಾಯಿ, ನಿಂಬೆಹಣ್ಣು ಹಾಕಿದ ಮಂಡಕ್ಕಿ ಮಾತ್ರ ಎಂದು ಒಪ್ಪಂದವಾಯಿತು. ತೂಕ ಇಳಿಸುವ ಪುಡಿಯೊಂದಕ್ಕೆ ಸಾವಿರಾರು ರೂಪಾಯಿ ಕೊಟ್ಟಿದ್ದರು, ಅದನ್ನು ನಿಲ್ಲಿಸಿದರು.

ಯಜಮಾನರನ್ನು ಒಂದು ದಿನ ಕರೆಸಿದೆ. "ನೋವು ಕಣ್ಣಿಗೆ ಕಾಣಲ್ಲ ನೋಡ್ರಿ, ಹೆಂಗೆ ಗೊತ್ತಾಗ್ಬೇಕು?" ಎಂದರು. ಕೆಟ್ಟ ಮಾತಲ್ಲ ಅದು, ನಿಜವಾದ ಪ್ರಶ್ನೆ. ಅಳತೆ ಪುಸ್ತಕ ತೋರಿಸಿದೆ. ಶೂ ಕೊಂಡ ತಿಂಗಳಿನ ಹಾಳೆಯಲ್ಲಿ ಅರ್ಧ ಹೊಲಿದ ಬ್ಲೌಸುಗಳ ಪಕ್ಕ "ವಾಪಸ್" ಎಂದು ಹನ್ನೊಂದು ಸಲ ಬರೆದಿತ್ತು. ಅವರು ಪುಟವನ್ನು ಬಹಳ ಹೊತ್ತು ನೋಡಿದರು. ಇನ್ನು ಮೇಲೆ ವಾಕಿಂಗ್ ಆಯ್ತಾ ಎಂದು ವಿಚಾರಣೆ ಮಾಡಬೇಡಿ, ಸಂಜೆಯ 5 ನಿಮಿಷ ಜೊತೆಗೆ ಹೋಗಿ, ನೀರಿನ ಕೊಡ ನೀವು ಎತ್ತಿ ಎಂದೆ.

ಒಂಬತ್ತನೇ ವಾರ ದುಗ್ಗಮ್ಮನ ಜಾತ್ರೆ ಬಂತು. ಬೀಗರು, ನೆಂಟರು, ಮೂರು ದಿನ ಒಲೆಯ ಮುಂದೆ. ನೋವು ಭುಗಿಲೆದ್ದಿತು. ಫೋನಿನಲ್ಲಿ ಅಕ್ಕನ ದನಿ ನಡುಗುತ್ತಿತ್ತು: "ಮತ್ತೆ ಅಲ್ಲಿಗೇ ಬಂದೆ ಮೇಡಂ." ಕೆಟ್ಟ ವಾರಕ್ಕೆಂದು ಮೊದಲೇ ಬರೆದಿಟ್ಟ ಹಾಳೆಯನ್ನು ಓದಿ ಹೇಳಿ ಎಂದೆ. ಓದಿದರು: ಎರಡು ದಿನ ಮನೆಯೊಳಗೆ ಎರಡೆರಡು ನಿಮಿಷ, ಬಿಸಿನೀರಿನ ಚೀಲ, ಡಾಕ್ಟರು ಹೇಳಿದ ಮಾತ್ರೆ ಅಷ್ಟೇ, ಎರಡು ವಾರ ತಕ್ಕಡಿ ಹತ್ತುವಂತಿಲ್ಲ, ಆಮೇಲೆ 5 ನಿಮಿಷದಿಂದ. ಈ ಸಲ ಮಷೀನ್ ನಿಂತಿದ್ದು ಮೂರು ದಿನ.

ಆರು ತಿಂಗಳು ಕಳೆದಾಗ ತೂಕ 78.6. ನೋವು ಹೋಗಿಲ್ಲ, ಹತ್ತರ ಲೆಕ್ಕದಲ್ಲಿ ಏಳು ಇದ್ದದ್ದು ಹೆಚ್ಚಿನ ದಿನ ನಾಲ್ಕು ಇರುತ್ತದೆ. ಮಾತ್ರೆ ತಿಂಗಳಿಗೆ ಎರಡೋ ಮೂರೋ. ಕಳೆದ ಭೇಟಿಗೆ ಅದೇ ಶೂ ಹಾಕಿಕೊಂಡು ಬಂದಿದ್ದರು, ಬಲಗಾಲಿನ ಹಿಮ್ಮಡಿ ಕಡೆ ಸ್ವಲ್ಪ ಸವೆದಿತ್ತು. ಈಗ ಭಾನುವಾರ ಕುಂದವಾಡ ಕೆರೆಗೇ ಹೋಗುತ್ತಾರೆ. ಏರಿಯ ಮೇಲೆ ಒಂದು ಬೆಂಚಿನವರೆಗೆ 9 ನಿಮಿಷ, ಅಲ್ಲಿ ಕೂತು, ವಾಪಸ್ 9 ನಿಮಿಷ.

"ಮೊನ್ನೆ ಮೈ ಭಾಳ ಹಗುರ ಇತ್ರಿ. ನಮ್ ಮನೆಯೋರು, ನಡಿಯೇ ಪೂರಾ ಒಂದು ರೌಂಡ್ ಹೊಡೆಯೋಣ ಅಂದ್ರು. ನಾನು ಬೆಂಚಿಗೇ ತಿರುಗಿಬಿಟ್ಟೆ."