ಖಾಕಿ ಸೀರೆಯ ದೊಡ್ಡಜ್ಜಿ

ಪ್ರಶ್ನೆ: ನಮ್ಮ ಅಜ್ಜಿಯ ಅಕ್ಕ ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿಲಿಟರಿಯಲ್ಲಿ ನರ್ಸ್ ಆಗಿದ್ದರೆಂದು ಮನೆಯಲ್ಲಿ ಹೇಳುತ್ತಾರೆ. ಅಟ್ಟದ ಟ್ರಂಕಿನಲ್ಲಿ ಸಿಕ್ಕ ಫೋಟೋದಲ್ಲಿ ಅವರು ಖಾಕಿ ಸೀರೆ ಉಟ್ಟಿದ್ದಾರೆ. ಇದು ನರ್ಸ್ ಉಡುಪೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಖಾಕಿ ಸೀರೆಯನ್ನು ನೋಡಿದರೆ, ಅವರು 1942ರಲ್ಲಿ ಆರಂಭವಾದ ಮಹಿಳಾ ಸಹಾಯಕ ದಳದಲ್ಲಿದ್ದಿರಬಹುದು ಎನ್ನಿಸುತ್ತದೆ. ಗಂಡಸರನ್ನು ರಣರಂಗಕ್ಕೆ ಬಿಟ್ಟುಕೊಡುವ ಸಲುವಾಗಿ ಟೈಪಿಂಗ್, ಟೆಲಿಫೋನ್, ಕಚೇರಿ ಲೆಕ್ಕಪತ್ರದಂಥ ಕೆಲಸಗಳನ್ನು ಈ ದಳದ ಹೆಂಗಸರು ವಹಿಸಿಕೊಂಡರು. ಬಂದೂಕು ಹಿಡಿದು ಕಾದುವ ಹೊಣೆ ಅವರದಾಗಿರಲಿಲ್ಲ. ಅವರ ಸಂಖ್ಯೆ ಸುಮಾರು 11,500ಕ್ಕೆ ಏರಿತ್ತು. ಮಿಲಿಟರಿ ನರ್ಸುಗಳದು 1926ರಿಂದಲೇ ಇದ್ದ ಬೇರೆ ಸೇವೆ. 1943ರ ಸುಗ್ರೀವಾಜ್ಞೆಯಿಂದ ಅವರಿಗೆ ಅಧಿಕಾರಿ ದರ್ಜೆ ದೊರೆಯಿತು. ಸಹಾಯಕ ದಳವಾದರೋ 1947ರಲ್ಲಿ ವಿಸರ್ಜನೆಗೊಂಡಿತು. ವೈದ್ಯಕೀಯೇತರ ಶಾಖೆಗಳಿಗೆ ಮಹಿಳಾ ಅಧಿಕಾರಿಗಳು ಮತ್ತೆ ಬಂದದ್ದು 1992ರಲ್ಲಿ. ನಡುವಿನ ಈ ದೀರ್ಘ ಮೌನದಿಂದಾಗಿಯೇ ಮನೆಮಂದಿಯ ನೆನಪಿನಲ್ಲಿ ಮಿಲಿಟರಿ ಹೆಂಗಸೆಂದರೆ ನರ್ಸ್ ಎಂದಾಗಿರಬೇಕು.

ಫೋಟೋದ ಹಿಂಬದಿಯಲ್ಲಿ ಸ್ಟುಡಿಯೋ ಮೊಹರು, ಹೆಗಲಪಟ್ಟಿಯಲ್ಲಿ ಅಕ್ಷರಗಳಿವೆಯೇ ನೋಡಿ. ಬಿಡುಗಡೆ ಪತ್ರ ಸಿಕ್ಕರಂತೂ ಹುದ್ದೆಯೂ ತಿಳಿದೀತು. ನಮ್ಮ ಮಲೆನಾಡಿನ ಮಳೆಗಾಲದ ಥಂಡಿಗೆ ಹಳೆಯ ಫೋಟೋ ಬೂಸ್ಟು ಹಿಡಿಯುವುದು ನಿಮಗೂ ಗೊತ್ತು. ಆದ್ದರಿಂದ ಮೊದಲು ಅದರ ಪ್ರತಿಯೊಂದನ್ನು ಮಾಡಿಸಿಡಿ.