ಕವಿತೆನ ಮೊದ್ಲು ಬಾಯಿಬಿಟ್ಟು ಓದಿ, ಅರ್ಥ ಆಮೇಲೆ

ಕವಿತೆ ಓದಿದ್ರೆ ತಲೆಗೇ ಹತ್ತಲ್ಲ, ಎಂಜಾಯ್ ಮಾಡೋದು ಹೇಗೆ ಅಂತ ಕೇಳಿದೀರ. ಪಿಯುಸಿ ಮುಗಿಯೋವರೆಗೂ ನಂದೂ ಅದೇ ಕಥೆ, ಪದ್ಯ ಅಂದ್ರೆ ಗೈಡ್‌ನಲ್ಲಿರೋ ಭಾವಾರ್ಥ ಉರು ಹೊಡೆದು ಪರೀಕ್ಷೆಲಿ ಬರೆಯೋದು ಅಷ್ಟೇ.

ಆಮೇಲೊಂದ್ಸಲ ನಮ್ಮೂರ ದೇವಸ್ಥಾನದಲ್ಲಿ ಗಮಕ ಕೇಳ್ದೆ, ಕುಮಾರವ್ಯಾಸ ಭಾರತ. ಒಬ್ರು ರಾಗವಾಗಿ ಓದ್ತಾರೆ, ಇನ್ನೊಬ್ರು ಪಕ್ಕದಲ್ಲಿ ಕೂತು ವ್ಯಾಖ್ಯಾನ ಹೇಳ್ತಾರೆ. ಅಲ್ಲಿ ಮೊದ್ಲು ದನಿ, ಅರ್ಥ ಆಮೇಲೆ. ನಾನು ಅಷ್ಟು ವರ್ಷ ಉಲ್ಟಾ ಮಾಡ್ತಿದ್ದೆ.

ಆ ಭಾರತದ ಮೊದಲ ಪದ್ಯನೇ ತಗೊಳ್ಳಿ. "ಶ್ರೀವನಿತೆಯರಸನೆ ವಿಮಲ ರಾ" ಅಂತ ಮೊದಲ ಸಾಲು ಮುಗಿದೇಹೋಗುತ್ತೆ, ಮುಂದಿನ ಸಾಲು "ಜೀವ ಪೀಠನ ಪಿತನೆ ಜಗಕತಿ". ಕಣ್ಣಲ್ಲಿ ಓದಿದ್ರೆ ಈ "ರಾ" ಏನು, "ಜೀವ" ಏನು ಅಂತ ಅಲ್ಲೇ ಸಿಕ್ಕಾಕೊಳ್ತೀವಿ. ಉಸಿರು ನಿಲ್ಲಿಸದೆ ಜೋರಾಗಿ ಓದಿ, "ರಾಜೀವ" ತಾನಾಗೇ ಕೂಡ್ಕೊಳುತ್ತೆ, ಅಂದ್ರೆ ತಾವರೆ, ಅದರ ಮೇಲೆ ಕೂತೋನು ಬ್ರಹ್ಮ, ಅವನಪ್ಪ ವಿಷ್ಣು. ಕವಿ ಪದನ ಅಲ್ಲೇ ಯಾಕೆ ಮುರಿದ ಗೊತ್ತಾ? ಶ್ರೀವ, ಜೀವ, ಪಾವ, ಹೀಗೆ ಪ್ರತಿ ಸಾಲಿನ ಎರಡನೇ ಅಕ್ಷರ ವಕಾರನೇ ಬರ್ಬೇಕು, ಪ್ರಾಸ. ಮಾತ್ರೆ ಎಣಿಸಿದ್ರೆ (ಹ್ರಸ್ವಕ್ಕೆ 1, ದೀರ್ಘಕ್ಕೆ 2) 3, 4, 3, 4 ಅಂತ ಹೋಗುತ್ತೆ, ಭಾಮಿನಿ ಷಟ್ಪದಿ ಅನ್ನೋ ಆರು ಸಾಲಿನ ಪದ್ಯದ ನಡೆ ಅದು. ಎಣಿಸ್ಲೇಬೇಕು ಅಂತೇನಿಲ್ಲ, ಬೆರಳಲ್ಲಿ ತಾಳ ಹಾಕ್ಕೊಂಡು ಓದಿದ್ರೆ ಸಾಕು, ಮೈಗೆ ಗೊತ್ತಾಗುತ್ತೆ.

ಹಾಗಾಗಿ ಒಂದು ದಿನಕ್ಕೆ ಒಂದೇ ಕವಿತೆ ಓದಿ, ಒಂದು ಪುಸ್ತಕ ಪೂರ್ತಿ ಕಾದಂಬರಿ ಥರ ಮುಗಿಸೋಕೆ ಹೋಗ್ಬೇಡಿ. ಮೂರು ಸಲ ಓದಿ, ಯಾವುದೋ ಒಂದು ಸಾಲು ನಾಲಿಗೆ ಮೇಲೆ ಉಳೀತು ಅಂದ್ರೆ ಅವತ್ತಿಗೆ ಅಷ್ಟು ಸಾಕು. ಗೊತ್ತಿಲ್ಲದ ಪದಕ್ಕೆ ನಿಘಂಟು ಎರಡನೇ ದಿನ ತೆಗೀರಿ. ಹಿಡಿಸದಿದ್ರೆ ಬಿಡಿ, ಎಷ್ಟೇ ದೊಡ್ಡ ಕವಿ ಆಗಿರ್ಲಿ.

ಕವಿ ಬದುಕಿನ ವಿಷಯನೂ ತಡವಾಗೇ ಗೊತ್ತಾಗ್ಲಿ ಅನ್ನೋದು ನನ್ನ ಅಭಿಪ್ರಾಯ. ಬೇಂದ್ರೆಯವರ "ನೀ ಹೀಂಗ ನೋಡಬ್ಯಾಡ ನನ್ನ" ನಾನು ಎಷ್ಟೋ ವರ್ಷ ಪ್ರೇಮಗೀತೆ ಅಂದ್ಕೊಂಡು ಬಸ್ಸಲ್ಲಿ ಗುನುಗ್ತಿದ್ದೆ, ಆ ಧಾರವಾಡದ ಮಾತಿನ ಲಯಕ್ಕೇ ಮರುಳಾಗಿ. ಅದು ಮಗು ತೀರ್ಕೊಂಡಾಗ ಗಂಡ ಆದವನು ಹೆಂಡ್ತಿ ಮುಖ ನೋಡೋಕಾಗದೆ ಆಡೋ ಮಾತು ಅಂತ ಆಮೇಲೆ ತಿಳೀತು. ಅಷ್ಟೊತ್ತಿಗೆ ಸಾಲೆಲ್ಲ ಬಾಯಿಗೆ ಬಂದಿತ್ತು, ಅದಕ್ಕೇ ಒಂದೊಂದಾಗಿ ಎಲ್ಲಾ ಸಾಲೂ ಬೇರೆ ಥರ ಕೇಳಿಸ್ತಾ ಹೋಯ್ತು, ಅವತ್ತು ಪೂರ್ತಿ ಹಾಡೋಕೆ ಆಗ್ಲಿಲ್ಲ.