ಇಷ್ಟದ ಕಾಲೇಜು ಮೇಲೆ ಹಾಕಲಾ, ಸಿಗೋ ಕಾಲೇಜು ಮೇಲೆ ಹಾಕಲಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮದು ಸಿಂಧನೂರು ತಾಲೂಕಿನ ಒಂದು ಹಳ್ಳಿ. ಹತ್ತನೇ ತರಗತಿವರೆಗೂ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿದೆ. ನಾವು 2ಎ ಪ್ರವರ್ಗ. ಸಿಇಟಿಯಲ್ಲಿ ಮೂವತ್ತು ಸಾವಿರದ ಆಸುಪಾಸು ರ್‍ಯಾಂಕ್ ಬಂದಿದೆ. ಕಂಪ್ಯೂಟರ್ ಸೈನ್ಸ್ ಇಲ್ಲಾ ಎಲೆಕ್ಟ್ರಿಕಲ್ ಓದುವ ಆಸೆ. ಬೆಂಗಳೂರಿನ ಯುವಿಸಿಇ ಎಂಜಿನಿಯರಿಂಗ್ ಕಾಲೇಜು ಬೇಕು ಅಂತ ಮನಸ್ಸಿನಲ್ಲಿದೆ. ಆದರೆ ಅದು ಸಿಗಲ್ಲ, ಆಪ್ಷನ್ ಪಟ್ಟಿಯಲ್ಲಿ ಮೇಲೆ ಹಾಕಿದರೆ ದಂಡ, ಕಲಬುರಗಿಯ ಪಿಡಿಎ ಮೊದಲು ಹಾಕು ಅಂತ ಸೈಬರ್ ಸೆಂಟರಿನವರು ಹೇಳುತ್ತಾರೆ. ಹುಬ್ಬಳ್ಳಿಯ ಕೆಎಲ್‌ಇ ಟೆಕ್ ಕೂಡ ತಲೆಯಲ್ಲಿದೆ. ಇಂಟರ್ನ್‌ಶಿಪ್ ಸಿಗಬೇಕು ಅಂದ್ರೆ ಬೆಂಗಳೂರೇ ಆಗಬೇಕಾ? ಅಲ್ಲಿ ಎಲ್ಲೆಲ್ಲಿಂದಲೋ ಬಂದವರ ನಡುವೆ ನಾನು ಒಬ್ಬಳೇ ಆಗಿಬಿಡ್ತೀನಾ?

ಉತ್ತರ: ತಂಗಿ, ಮೊದಲು ಸೈಬರ್ ಸೆಂಟರಿನ ಮಾತನ್ನು ಬಿಟ್ಟುಬಿಡು. ಪ್ರತಿ ವರ್ಷ ಎಷ್ಟೋ ಮಕ್ಕಳು ಈ ಮಾತು ನಂಬಿ ತಮಗೆ ಸಿಗಬಹುದಾಗಿದ್ದ ಸೀಟನ್ನು ತಾವೇ ಕಳ್ಕೊಳ್ತಾರೆ. ಸಿಇಟಿ ಸೀಟು ಹಂಚಿಕೆ ನಡೆಯೋದು ಹೀಗೆ: ರ್‍ಯಾಂಕ್ ಪ್ರಕಾರ ಒಬ್ಬೊಬ್ಬರ ಸರದಿ ಬರುತ್ತದೆ, ನಿನ್ನ ಸರದಿ ಬಂದಾಗ ನಿನ್ನ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡುತ್ತಾ ಹೋಗಿ ಎಲ್ಲಿ ಮೊದಲು ಸೀಟು ಇದೆಯೋ ಅದನ್ನೇ ಕೊಡುತ್ತಾರೆ. ಯುವಿಸಿಇ ಸಿಗಲಿಲ್ಲ ಅಂದ್ರೆ ಎರಡನೆಯದು, ಅದೂ ಇಲ್ಲ ಅಂದ್ರೆ ಮೂರನೆಯದು. ಮೇಲಿನದ್ದು ಸಿಗದೇ ಹೋದರೆ ನಿನ್ನ ರ್‍ಯಾಂಕ್ ಏನೂ ಸವೆಯುವುದಿಲ್ಲ. ನಿಜವಾಗಿ ನಷ್ಟ ಆಗೋದು ತಿರುಗಾಮುರುಗಾ ಮಾಡಿದಾಗ. ಸುಲಭಕ್ಕೆ ಸಿಗೋದನ್ನು ಮೇಲೆ ಹಾಕಿದರೆ ಅದೇ ಸಿಗುತ್ತದೆ, ಅದರ ಕೆಳಗಿರುವುದನ್ನು ಯಾರೂ ನೋಡುವುದೇ ಇಲ್ಲ. ಹಾಗಾಗಿ ಪಟ್ಟಿಯ ಕ್ರಮ ಇಷ್ಟದ ಪ್ರಕಾರ ಇರಲಿ. ಸಿಗುತ್ತಾ ಇಲ್ವಾ ಅನ್ನೋ ಲೆಕ್ಕ ಬೇಕಾಗೋದು ಪಟ್ಟಿಯ ಕೊನೆಗೆ, ಖಂಡಿತ ಸಿಗುವಂಥ ನಾಲ್ಕಾರು ಇವೆಯಾ ಅಂತ ನೋಡೋದಕ್ಕೆ.

ಆ ಲೆಕ್ಕವನ್ನೂ ಜಿಎಂ (ಸಾಮಾನ್ಯ ವರ್ಗದ) ಕಾಲಂ ನೋಡಿ ಹಾಕಬೇಡ. ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿ, ಅಂದ್ರೆ ಯಾವ ಸೀಟು ಯಾವ ರ್‍ಯಾಂಕ್‌ವರೆಗೆ ಸಿಕ್ಕಿತು ಅನ್ನೋ ಪಟ್ಟಿ ಹಾಕಿರುತ್ತದೆ. ಅದರಲ್ಲಿ 2ಎಜಿ, 2ಎಕೆ, 2ಎಆರ್ ಅಂತ ಬೇರೆ ಬೇರೆ ಕಾಲಂ ಇರುತ್ತವೆ. ಜಿ ಅಂದ್ರೆ 2ಎ ಒಳಗಿನ ಸಾಮಾನ್ಯ ಸೀಟು, ಕೆ ಅಂದ್ರೆ ಕನ್ನಡ ಮಾಧ್ಯಮ, ಆರ್ ಅಂದ್ರೆ ಗ್ರಾಮೀಣ. ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಸೀಟು ಇದೆ, ಎರಡಕ್ಕೂ ಒಂದರಿಂದ ಹತ್ತರವರೆಗೆ ಓದಿದ ದಾಖಲೆ ಬೇಕು. ಇದರ ಮೇಲೆ ನೀನು ರಾಯಚೂರು ಜಿಲ್ಲೆಯವಳು. ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಯವರಿಗೆ ಆ ಭಾಗದ ಕಾಲೇಜುಗಳಲ್ಲಿ ಶೇ. 70, ಉಳಿದ ಕಡೆ ಶೇ. 8 ಸೀಟು ಮೀಸಲು, ಅದರ ಕಟ್‌ಆಫ್ ಪಟ್ಟಿಯೇ ಬೇರೆ. ಅದನ್ನು ತೆಗೆದು ಕೂತು ನೋಡು. ಸೈಬರ್ ಸೆಂಟರಿನವರು ಯಾವ ಕಾಲಂ ನೋಡಿ ಸಿಗಲ್ಲ ಅಂದರೋ ಅದನ್ನೂ ಕೇಳು. ಈ ಹಕ್ಕುಗಳನ್ನು ಕೇಳೋಕೆ ಸಂಕೋಚ ಬೇಡ, ನಿನ್ನಂಥವರಿಗೆ ಅಂತಲೇ ಇವು ಇರೋದು. ಸಹಾಯಕ ಆಯುಕ್ತರ ಕಚೇರಿಯ 371ಜೆ ಪ್ರಮಾಣಪತ್ರ ಇನ್ನೂ ಕೈಗೆ ಬಂದಿಲ್ಲ ಅಂದ್ರೆ ನಾಳೆಯೇ ಅಪ್ಪನನ್ನು ಕರ್ಕೊಂಡು ಹೋಗು.

ಈಗ ಇಂಟರ್ನ್‌ಶಿಪ್. ಬೆಂಗಳೂರಲ್ಲಿ ಅನುಕೂಲ ಜಾಸ್ತಿ ಅನ್ನೋದು ಸುಳ್ಳಲ್ಲ. ದೊಡ್ಡ ಕಂಪನಿಗಳು ಕ್ಯಾಂಪಸ್ಸಿಗೆ ಬಂದು ಆರಿಸಿಕೊಳ್ಳೋದು ಒಂದು ಕಡೆ ಇರಲಿ, ಪೀಣ್ಯದ ಒಂದು ಸಣ್ಣ ಕಾರ್ಖಾನೆ, ಕೋರಮಂಗಲದ ಹತ್ತು ಜನರ ಸ್ಟಾರ್ಟ್‌ಅಪ್, ಇಂಥ ಕಡೆಗೆ ನೀನೇ ಬಸ್ ಹತ್ತಿ ಹೋಗಿ ಕೇಳಬಹುದು. ಯುವಿಸಿಇ ಇರೋದು ಕೆ.ಆರ್. ಸರ್ಕಲ್‌ನಲ್ಲಿ, ಊರಿನ ನಡುವೆ. ಸರ್ಕಾರಿ ಕಾಲೇಜು ಆದ್ದರಿಂದ ಫೀಸೂ ಖಾಸಗಿಯವರಷ್ಟು ಇಲ್ಲ. ಆದರೆ ಬೆಂಗಳೂರು ಅನ್ನೋ ಹೆಸರಿಗೇ ಮರುಳಾಗಿ ಊರಾಚೆಯ ಹೊಸ ಖಾಸಗಿ ಕಾಲೇಜನ್ನು ಕೆಎಲ್‌ಇ ಟೆಕ್‌ಗಿಂತ ಮೇಲೆ ಹಾಕಬೇಡ. ಕೆಎಲ್‌ಇ ಟೆಕ್ ಅಂದ್ರೆ 1947ರಲ್ಲಿ ಶುರುವಾದ ಬಿವಿಬಿ ಕಾಲೇಜೇ, 2015ರಲ್ಲಿ ವಿಶ್ವವಿದ್ಯಾಲಯ ಆಯಿತು. ಹಳೆ ಕಾಲೇಜಿನ ದೊಡ್ಡ ಆಸ್ತಿ ಅಲ್ಲಿ ಓದಿ ಹೋದವರು, ಇಂಟರ್ನ್‌ಶಿಪ್‌ಗೆ ಒಂದು ಮಾತು ಹೇಳೋಕೆ ಜನ ಇರುತ್ತಾರೆ. ಎಲೆಕ್ಟ್ರಿಕಲ್ ತಗೊಂಡರೆ ಇನ್ನೊಂದು ವಿಷಯ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ನಿಮ್ಮ ಜಿಲ್ಲೆಯಲ್ಲೇ ಇದೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೂ ದೂರ ಅಲ್ಲ. ಅಲ್ಲಿಗೂ ಅರ್ಜಿ ಹಾಕಿ ಕೇಳಬಹುದು, ಬೆಂಗಳೂರು ಮಾತ್ರ ಲೋಕ ಅಲ್ಲ. ಪಿಡಿಎ ಕೂಡ 1958ರ ಕಾಲೇಜು, ಅದು ಪಟ್ಟಿಯಲ್ಲಿ ಇರಲಿ, ಮೊದಲ ಸಾಲಿನಲ್ಲಿ ಮಾತ್ರ ಬೇಡ.

ಕಾಲೇಜಿನವರು ‘ನೂರಕ್ಕೆ ನೂರು ಇಂಟರ್ನ್‌ಶಿಪ್’ ಅಂತ ಬ್ಯಾನರ್ ಕಟ್ಟಿದ್ದರೆ ಒಳಗೆ ಹೋಗಿ ನಿನ್ನ ಬ್ರಾಂಚಿನ ಕೊನೆ ವರ್ಷದ ಇಬ್ಬರನ್ನು ಮಾತಾಡಿಸು. ಸ್ಟೈಪೆಂಡ್ ಬಂತಾ, ಇಲ್ಲಾ ನೀವೇ ದುಡ್ಡು ಕಟ್ಟಿದ್ರಾ? ಆಫೀಸಿಗೆ ಹೋದ್ರಾ, ಇಲ್ಲಾ ವಿಡಿಯೋ ನೋಡಿ ಸರ್ಟಿಫಿಕೇಟ್ ತಗೊಂಡ್ರಾ? ಆರು ತಿಂಗಳ ಅವಕಾಶ ಬಂದರೆ ಕಾಲೇಜು ಬಿಟ್ಟು ಕಳಿಸುತ್ತಾ, ಹಾಜರಾತಿ ಅಂತ ಹಿಡಿದು ಕೂರಿಸುತ್ತಾ? ಈಗ ಕೋರ್ಸಿನಲ್ಲೇ ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಇದೆ, ಎಲ್ಲರೂ ಮಾಡಲೇಬೇಕು. ಅದಕ್ಕೇ ಕೆಲವು ಸಾವಿರ ತಗೊಂಡು ಬರೀ ಕಾಗದ ಕೊಡುವ ಅಂಗಡಿಗಳೂ ಹುಟ್ಟಿಕೊಂಡಿವೆ. ರೈತರ ಮನೆ ಮಕ್ಕಳು ಆ ಕಾಗದಕ್ಕೆ ದುಡ್ಡು ಕಟ್ಟೋದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಒಬ್ಬಳೇ ಆಗಿಬಿಡ್ತೀನಾ ಅಂತ ಕೇಳಿದ್ದೀಯ. ಸಿಇಟಿ ಸೀಟಿಗೆ ಬರೋರು ಬಹುಪಾಲು ಕರ್ನಾಟಕದವರೇ, ಯುವಿಸಿಇಯಂಥ ಕಡೆ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಜಿಲ್ಲೆಯ ಮಕ್ಕಳು ಸಿಗಬಹುದು, ಕನ್ನಡ ಮಾಧ್ಯಮದ ಕೋಟಾದಲ್ಲಿ ಬಂದವರೂ ಇರುತ್ತಾರೆ. ಖಾಸಗಿ ಕಾಲೇಜುಗಳಲ್ಲಿ ಅವರದೇ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆ ಮೂಲಕ ಬೇರೆ ರಾಜ್ಯದವರೂ ಸೇರುತ್ತಾರೆ. ಎರಡೂ ಒಳ್ಳೆಯದೇ. ಮೊದಲ ಸೆಮಿಸ್ಟರ್ ಇಂಗ್ಲಿಷ್ ಪಾಠ ಕಷ್ಟ ಆಗುತ್ತದೆ, ಸುಮ್ನೆ ಧೈರ್ಯ ತುಂಬೋಕೆ ಇಲ್ಲ ಅಂತ ಹೇಳಲ್ಲ. ಆಗ ನೋಟ್ಸ್ ಕನ್ನಡದಲ್ಲಿ ಬಿಡಿಸಿ ಹೇಳುವ ಸೀನಿಯರ್ ಒಬ್ಬಳು ಇದ್ದರೆ ಸಾಕು. ಹಾಗಾಗಿ ಕಾಲೇಜು ನೋಡೋಕೆ ಹೋದಾಗ ನಿಮ್ಮ ಕಡೆಯ ಹುಡುಗಿಯರು ಎಷ್ಟು ಜನ ಇದ್ದಾರೆ, ಎಲ್ಲಿ ಉಳ್ಕೊಳ್ತಾರೆ, ಲೇಡೀಸ್ ಹಾಸ್ಟೆಲ್‌ನಲ್ಲಿ ಮೊದಲ ವರ್ಷದವರಿಗೆ ಜಾಗ ಇದೆಯಾ ಅಂತ ಅವರನ್ನೇ ವಿಚಾರಿಸು. ಅಪ್ಪ ಅಮ್ಮನಿಗೂ ಆ ಮಾತು ಕೇಳಿಯೇ ಸಮಾಧಾನ ಆಗೋದು.

ನಾನಾಗಿದ್ದರೆ ಯುವಿಸಿಇಯ ನಿನ್ನಿಷ್ಟದ ಎರಡೂ ಬ್ರಾಂಚ್ ಮೇಲೆ ಹಾಕಿ, ಆಮೇಲೆ ಕೆಎಲ್‌ಇ ಟೆಕ್, ಆಮೇಲೆ ಪಿಡಿಎ, ಕೊನೆಗೆ ಇನ್ನಷ್ಟು ಸೇರಿಸುತ್ತಿದ್ದೆ. ಅಣಕು ಹಂಚಿಕೆ (ನಿಜವಾದ ಹಂಚಿಕೆಗೆ ಮುಂಚಿನ ಪ್ರಾಯೋಗಿಕ ಫಲಿತಾಂಶ) ಬಂದ ಮೇಲೆ ಕ್ರಮ ಬದಲಿಸೋಕೆ ಅವಕಾಶ ಇರುತ್ತದೆ. ಪಾಸ್‌ವರ್ಡ್ ಮಾತ್ರ ನಿನ್ನ ಹತ್ತಿರವೇ ಇರಲಿ, ಸೈಬರ್ ಸೆಂಟರಿನವರ ಹತ್ತಿರ ಅಲ್ಲ.

ಪ್ರಶ್ನೆ: ಮಗನಿಗೆ ಮೊದಲ ಸುತ್ತಿನಲ್ಲಿ ಆರನೇ ಆಪ್ಷನ್ ಸಿಕ್ಕಿದೆ. ಚಾಯ್ಸ್ 2 ಕೊಡಬೇಕಾ, 3 ಕೊಡಬೇಕಾ? (ಹಾಸನದ ಓದುಗರು)

ಉತ್ತರ: ಸರ್, ಆರನೆಯದೂ ಪರವಾಗಿಲ್ಲ, ಮೇಲಿನದ್ದು ಸಿಕ್ಕರೆ ಇನ್ನೂ ಸಂತೋಷ ಅನ್ನೋದಾದರೆ ಚಾಯ್ಸ್ 2. ಸೀಟು ಕೈಯಲ್ಲಿ ಇಟ್ಕೊಂಡೇ ಮುಂದಿನ ಸುತ್ತಿಗೆ ಹೋಗಬಹುದು. ಮೇಲಿನದ್ದು ಸಿಕ್ಕರೆ ಇದು ತಾನಾಗೇ ರದ್ದಾಗುತ್ತದೆ, ಆಮೇಲೆ ಇದೇ ಬೇಕು ಅಂದರೆ ಬರಲ್ಲ. ಚಾಯ್ಸ್ 3 ಅಂದ್ರೆ ಈ ಸೀಟು ಬಿಟ್ಟುಕೊಟ್ಟ ಹಾಗೆ, ಆ ಕಾಲೇಜಿಗೆ ಮಗ ಹೋಗೋದೇ ಇಲ್ಲ ಅಂತ ಖಚಿತ ಇದ್ದರೆ ಮಾತ್ರ ಅದನ್ನು ಒತ್ತಿ. ಫೀಸು ಎಷ್ಟು, ಯಾವತ್ತಿನೊಳಗೆ ಕಟ್ಟಬೇಕು ಅನ್ನೋದನ್ನು ಈ ವರ್ಷದ ಕೆಇಎ ಸೂಚನೆಯಲ್ಲೇ ಓದಿಕೊಳ್ಳಿ.